ಹಳದಿಗಟ್ಟಿ ದಪ್ಪವಾದ ಕಾಲುಗುರು: ಒಂದು ತಿಂಗಳ ಮಾತ್ರೆಗೆ ಏಕೆ ಹೋಗಲಿಲ್ಲ?

ಪ್ರಶ್ನೆ: ನನಗೆ 54 ವರ್ಷ. ಮಲೇಬೆನ್ನೂರಿನ ಹತ್ತಿರ ಭದ್ರಾ ನಾಲೆ ನೀರಿನಲ್ಲಿ ವರ್ಷಕ್ಕೆ ಎರಡು ಬೆಳೆ ಭತ್ತ ತೆಗೆಯುತ್ತೇವೆ. ಬಲಗಾಲಿನ ಹೆಬ್ಬೆರಳಿನ ಉಗುರು ನಾಲ್ಕು ವರ್ಷದಿಂದ ಹಳದಿಯಾಗಿ ದಪ್ಪಗಾಗಿದೆ, ಅಡಿಯಿಂದ ಪುಡಿ ಉದುರುತ್ತದೆ. ಈಗ ಪಕ್ಕದ ಬೆರಳಿಗೂ ಹಿಡಿದಿದೆ. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬ್ ಹಚ್ಚಿದೆ. ಒಂದು ತಿಂಗಳು ಟರ್ಬಿನಾಫಿನ್ ಮಾತ್ರೆ ನುಂಗಿ, ಏನೂ ವ್ಯತ್ಯಾಸ ಕಾಣದೆ ಬಿಟ್ಟೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಬಿಪಿಗೆ ಮೆಟೊಪ್ರೊಲಾಲ್, ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್ ತೆಗೆದುಕೊಳ್ಳುತ್ತಿದ್ದೇನೆ. ಉಗುರನ್ನೇ ಕೀಳಿಸಿಬಿಡು ಎಂದು ಹಲವರು ಹೇಳುತ್ತಾರೆ. ಕೀಳಿಸಲೇ? ನನ್ನ ಹೆಂಡತಿಯ ಕೈಬೆರಳಿನ ಉಗುರಿನ ಬುಡವೂ ಊದಿಕೊಂಡಿದೆ, ನನ್ನಿಂದ ಅಂಟಿತೇ?

ಉತ್ತರ: ಉಗುರು ಕೀಳಿಸಬೇಡಿ. ನೀವು ನುಂಗಿದ ಮಾತ್ರೆ ಸರಿಯಾದದ್ದೇ ಆಗಿರಬಹುದು. ಅದು ಕೆಲಸ ಮಾಡಿತೋ ಇಲ್ಲವೋ ಎಂದು ಒಂದು ತಿಂಗಳಿನಲ್ಲಿ ಹೇಳಲು ಯಾರಿಗೂ ಸಾಧ್ಯವಿಲ್ಲ. ಉಗುರಿನ ಫಂಗಸ್ ವಾಸಿಯಾಗದೆ ಉಳಿಯಲು ದೊಡ್ಡ ಕಾರಣವೇ ಇದು. ಔಷಧಿಗೆ ಮೂರು ತಿಂಗಳು ಸಾಕು, ಆದರೆ ಫಲ ಕಣ್ಣಿಗೆ ಕಾಣಲು ಒಂದು ವರ್ಷಕ್ಕೂ ಹೆಚ್ಚು ಬೇಕು. ಈ ನಡುವಿನ ಅಂತರದಲ್ಲೇ ಬಹಳಷ್ಟು ಜನ ಚಿಕಿತ್ಸೆ ಕೈಬಿಡುತ್ತಾರೆ.

ಲೆಕ್ಕ ಹೀಗಿದೆ. ಕಾಲಿನ ಹೆಬ್ಬೆರಳಿನ ಉಗುರು ತಿಂಗಳಿಗೆ ಒಂದರಿಂದ ಒಂದೂವರೆ ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಕೈಯುಗುರು ಇದರ ಎರಡರಷ್ಟು ಅಥವಾ ಇನ್ನೂ ಹೆಚ್ಚು ವೇಗವಾಗಿ, ಅಂದರೆ ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ. ಹೆಬ್ಬೆರಳಿನ ಉಗುರು ಬುಡದಿಂದ ತುದಿಯವರೆಗೆ ಪೂರ್ತಿ ಹೊಸದಾಗಲು 12 ರಿಂದ 18 ತಿಂಗಳು ಹಿಡಿಯುತ್ತದೆ. ಕೆಟ್ಟುಹೋದ ಉಗುರನ್ನು ಯಾವ ಮಾತ್ರೆಯೂ ಮತ್ತೆ ಸರಿ ಮಾಡುವುದಿಲ್ಲ. ಬುಡದಲ್ಲಿ ಹೊಸದಾಗಿ ಹುಟ್ಟುವ ಉಗುರಿಗೆ ಫಂಗಸ್ ಹತ್ತದಂತೆ ತಡೆಯುತ್ತದೆ, ಹಳೆಯದು ಮುಂದೆ ಸರಿಯುತ್ತ ಸರಿಯುತ್ತ ಕತ್ತರಿಗೆ ಸಿಗುತ್ತದೆ. ನಿಮ್ಮ 30 ದಿನಗಳಲ್ಲಿ ಹೊರಬಂದಿರುವ ಹೊಸ ಉಗುರು ಹೆಚ್ಚೆಂದರೆ ಒಂದು ಅಕ್ಕಿಕಾಳಿನ ದಪ್ಪದಷ್ಟು. ಅದೂ ಬುಡದ ಚರ್ಮದ ಹತ್ತಿರ, ಬರಿಗಣ್ಣಿಗೆ ಸುಲಭವಾಗಿ ಕಾಣದ ಜಾಗದಲ್ಲಿ.

ಮತ್ತೆ ಶುರು ಮಾಡುವ ಮೊದಲು ಒಂದು ಕೆಲಸ ಆಗಲೇಬೇಕು.

ಮೊದಲು ಪರೀಕ್ಷೆ

ದಪ್ಪಗಾಗಿ ಬಣ್ಣಗೆಟ್ಟ ಕಾಲುಗುರುಗಳಲ್ಲಿ ಸುಮಾರು ಅರ್ಧ ಮಾತ್ರ ಫಂಗಸ್‌ನಿಂದ ಆದವು. ಉಳಿದವು ಬೇರೆ. ಬಿಗಿ ಬೂಟಿನ ಒಳಗೆ ಉಗುರು ವರ್ಷಗಟ್ಟಲೆ ತಿಕ್ಕಿಸಿಕೊಂಡರೂ ಹೀಗೇ ಕಾಣುತ್ತದೆ. ಚಿತ್ರದುರ್ಗದ ಕಡೆ ಗಣಿಯಲ್ಲೋ ಕಾರ್ಖಾನೆಯಲ್ಲೋ ದಿನವಿಡೀ ಸೇಫ್ಟಿ ಶೂ ಹಾಕುವವರಿಗೆ ಎರಡೂ ಹೆಬ್ಬೆರಳಿನ ಉಗುರು ಒಂದೇ ಸಮನಾಗಿ ದಪ್ಪಗಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಶೂವನ್ನು. ಸೋರಿಯಾಸಿಸ್ ಎಂಬ ಚರ್ಮರೋಗ ಕೂಡ ಉಗುರಿನ ಅಡಿ ಪುಡಿ ತುಂಬಿಸುತ್ತದೆ. ಅದಿದ್ದವರ ಕೈಯುಗುರಿನ ಮೇಲೆ ಸೂಜಿಮೊನೆಯಿಂದ ಚುಚ್ಚಿದಂಥ ಸಣ್ಣ ಕುಳಿಗಳು, ನೆತ್ತಿಯ ಅಂಚಿನಲ್ಲೋ ಮೊಣಕೈಯಲ್ಲೋ ಹೊಟ್ಟು ಇರುತ್ತದೆ. ಸೋರಿಯಾಸಿಸ್ ಉಗುರಿಗೆ ಟರ್ಬಿನಾಫಿನ್ ಎಷ್ಟು ನುಂಗಿದರೂ ಪ್ರಯೋಜನವಿಲ್ಲ. ಇನ್ನು ಉಗುರಿನಲ್ಲಿ ಕಪ್ಪು ಅಥವಾ ಕಂದು ಪಟ್ಟೆ ಬುಡದಿಂದ ತುದಿಯವರೆಗೆ ಎಳೆದಿದ್ದು, ಅಗಲವಾಗುತ್ತಿದ್ದು, ಬಣ್ಣ ಸುತ್ತಲ ಚರ್ಮಕ್ಕೂ ಹರಡಿದ್ದರೆ ಅದು ಫಂಗಸ್ ಚಿಕಿತ್ಸೆ ಮಾಡುತ್ತ ಕೂರುವ ವಿಷಯವೇ ಅಲ್ಲ. ಉಗುರಿನ ಅಡಿಯ ಕ್ಯಾನ್ಸರ್ ಹಾಗೆ ಕಾಣಿಸಿಕೊಳ್ಳಬಹುದು, ಆ ವಾರವೇ ಚರ್ಮರೋಗ ತಜ್ಞರಿಗೆ ತೋರಿಸಬೇಕು.

ನಿಮ್ಮ ವಿವರ ಕೇಳಿದರೆ, ಅಂದರೆ ಒಂದೇ ಕಾಲು, ಹಳದಿ ಬಣ್ಣ, ಪುಡಿ, ಪಕ್ಕದ ಬೆರಳಿಗೆ ಹರಡಿದ್ದು, ಕೆಸರಿನ ಕೆಲಸ, ಫಂಗಸ್ ಇರುವ ಸಾಧ್ಯತೆಯೇ ಹೆಚ್ಚು. ಆದರೂ ಮೂರು ತಿಂಗಳ ಮಾತ್ರೆಗೆ ಮೊದಲು ಖಚಿತ ಮಾಡಿಕೊಳ್ಳಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಿವೆ. ಚಿತ್ರದುರ್ಗದವರಿಗೆ ಬಸವೇಶ್ವರ ಮೆಡಿಕಲ್ ಕಾಲೇಜಿದೆ. ಚರ್ಮರೋಗ ವಿಭಾಗಕ್ಕೆ ಹೋಗಿ "ಉಗುರಿನ ಕೆಓಎಚ್ ಮತ್ತು ಫಂಗಲ್ ಕಲ್ಚರ್ ಮಾಡಿಸಬೇಕು" ಎಂದು ಕೇಳಿ.

ಕೆಓಎಚ್ ಎಂದರೆ ಉಗುರಿನ ಪುಡಿಯನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿ, ಕರಗಿದ ಮೇಲೆ ಸೂಕ್ಷ್ಮದರ್ಶಕದಲ್ಲಿ ಫಂಗಸ್‌ನ ಎಳೆಗಳನ್ನು ಹುಡುಕುವುದು. ಕಲ್ಚರ್ ಎಂದರೆ ಅದನ್ನೇ ಬೆಳೆಸಿ ಯಾವ ಜಾತಿ ಎಂದು ನೋಡುವುದು. ಇದಕ್ಕೆ ನಾಲ್ಕು ವಾರದವರೆಗೆ ಬೇಕಾಗುತ್ತದೆ. ಎರಡೂ ಕೆಡುವುದು ಮಾದರಿ ತೆಗೆಯುವಲ್ಲಿ. ಉಗುರಿನ ತುದಿಯನ್ನು ಕತ್ತರಿಸಿ ಕಳಿಸಿದರೆ ಅಲ್ಲಿ ಸತ್ತ ಫಂಗಸ್ ಮತ್ತು ಮಣ್ಣಿನ ಕೊಳೆಯೇ ಸಿಗುತ್ತದೆ. ಜೀವಂತ ಫಂಗಸ್ ಇರುವುದು ಕೆಟ್ಟ ಉಗುರು ಒಳ್ಳೆಯ ಉಗುರನ್ನು ಸೇರುವ ಗಡಿಯಲ್ಲಿ. ಆದ್ದರಿಂದ ಸಡಿಲವಾದ ಉಗುರನ್ನು ಸಾಧ್ಯವಾದಷ್ಟು ಹಿಂದಕ್ಕೆ ಕತ್ತರಿಸಿ, ಆ ಗಡಿಯ ಅಡಿಯಿಂದ ಪುಡಿ ಕೆರೆದು ತೆಗೆಯಬೇಕು. ಹಚ್ಚುವ ಫಂಗಸ್ ಔಷಧಿಯನ್ನು ಎರಡರಿಂದ ನಾಲ್ಕು ವಾರ ಮೊದಲೇ ನಿಲ್ಲಿಸಿರಬೇಕು. ಮಾತ್ರೆ ನುಂಗಿದ್ದರೆ ಇನ್ನೂ ಹೆಚ್ಚು ಕಾಲ, ಎರಡು ಮೂರು ತಿಂಗಳು ಕಳೆದಿರಬೇಕು. ಗೋರಂಟಿ, ಅರಿಶಿನ, ಬೇವಿನೆಣ್ಣೆ ಹಚ್ಚಿಕೊಂಡು ಹೋಗಬೇಡಿ.

ಒಮ್ಮೆ ನೆಗೆಟಿವ್ ಬಂದ ಮಾತ್ರಕ್ಕೆ ಫಂಗಸ್ ಇಲ್ಲ ಎಂದಲ್ಲ. ಕಾಣುವ ರೀತಿ ಫಂಗಸ್‌ನಂತೆಯೇ ಇದ್ದರೆ ಮತ್ತೆ ಮಾದರಿ ಕೊಡಿ, ಅಥವಾ ಕತ್ತರಿಸಿದ ಉಗುರಿನ ಚೂರನ್ನು ಪೆಥಾಲಜಿಗೆ ಪಿಎಎಸ್ ಬಣ್ಣದ ಪರೀಕ್ಷೆಗೆ ಕಳಿಸಲು ಕೇಳಿ. ಅದು ಕೆಓಎಚ್‌ಗಿಂತ ಸೂಕ್ಷ್ಮ, ಕೆಲವೇ ದಿನಗಳಲ್ಲಿ ವರದಿ ಬರುತ್ತದೆ.

ಕೆಸರಿನಲ್ಲಿ ಕೆಲಸ ಮಾಡುವವರಿಗೆ ಕಲ್ಚರ್ ಮುಖ್ಯವಾಗಲು ಇನ್ನೊಂದು ಕಾರಣ ಇದೆ. ಕಾಲುಗುರಿನ ಸೋಂಕು ಬಹುಪಾಲು ಟ್ರೈಕೊಫೈಟಾನ್ ಗುಂಪಿನ ಫಂಗಸ್‌ನಿಂದ ಬರುತ್ತದೆ, ಹುಳುಕಡ್ಡಿ ಮಾಡುವುದೂ ಇದೇ ಗುಂಪು. ಆದರೆ ಮಣ್ಣಿನಲ್ಲಿ, ಕೊಳೆತ ಸೊಪ್ಪು ಸೆದೆಯಲ್ಲಿ ವಾಸಿಸುವ ಫ್ಯುಸೇರಿಯಮ್, ನಿಯೋಸೈಟಾಲಿಡಿಯಮ್‌ನಂಥವೂ ಉಗುರಿಗೆ ಹತ್ತುತ್ತವೆ, ಮತ್ತು ಅವು ಟರ್ಬಿನಾಫಿನ್‌ಗೆ ಅಷ್ಟಾಗಿ ಬಗ್ಗುವುದಿಲ್ಲ. ಇಂಥ ಮಣ್ಣಿನ ಫಂಗಸ್ ಒಮ್ಮೆ ಬೆಳೆದರೆ ಅದು ಬರೀ ಉಗುರಿಗೆ ಮೆತ್ತಿದ ಕೊಳೆಯಿಂದಲೂ ಬಂದಿರಬಹುದು. ಬೇರೆ ದಿನ ತೆಗೆದ ಎರಡನೇ ಮಾದರಿಯಲ್ಲೂ ಅದೇ ಬೆಳೆದರೆ, ಕೆಓಎಚ್‌ನಲ್ಲೂ ಎಳೆ ಕಂಡರೆ, ಆಗ ನಂಬಬೇಕು. ಲ್ಯಾಬಿನಲ್ಲಿ ಸೈಕ್ಲೋಹೆಕ್ಸಿಮೈಡ್ (ಮಣ್ಣಿನ ಫಂಗಸ್ ಬೆಳೆಯದಂತೆ ತಡೆಯುವ ರಾಸಾಯನಿಕ) ಹಾಕಿದ ಮತ್ತು ಹಾಕದ ಎರಡೂ ಮಾಧ್ಯಮಗಳಲ್ಲಿ ಬೆಳೆಸಬೇಕು. ಹಾಕಿದ್ದರಲ್ಲಿ ಮಾತ್ರ ಬೆಳೆಸಿದರೆ ನಿಯೋಸೈಟಾಲಿಡಿಯಮ್ ಬೆಳೆಯುವುದೇ ಇಲ್ಲ, ವರದಿ ಸುಮ್ಮನೆ ನೆಗೆಟಿವ್ ಬರುತ್ತದೆ. ನೀವು ಗದ್ದೆ ಕೆಲಸದವರು ಎಂದು ಚೀಟಿಯಲ್ಲಿ ಬರೆಸಿ.

ನಿಮಗೆ ಯಾವ ಮಾತ್ರೆ

ಟ್ರೈಕೊಫೈಟಾನ್ ಎಂದು ಗೊತ್ತಾದರೆ ಮೊದಲ ಆಯ್ಕೆ ಟರ್ಬಿನಾಫಿನ್ 250 ಮಿಲಿಗ್ರಾಂ, ದಿನಕ್ಕೆ ಒಂದು, 12 ವಾರ. ಒಟ್ಟು 84 ಮಾತ್ರೆ. ಊಟದ ಮೊದಲಾದರೂ ಸರಿ, ನಂತರವಾದರೂ ಸರಿ. ಬೆಲೆ ಹೊರೆಯಾಗುತ್ತಿದ್ದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಮಧ್ಯೆ ಹಣ ಸಾಲದೆ ನಿಲ್ಲಿಸುವುದಕ್ಕಿಂತ ಮೊದಲೇ 84 ಮಾತ್ರೆಯ ಖರ್ಚು ಲೆಕ್ಕ ಹಾಕಿಕೊಂಡು ಶುರು ಮಾಡುವುದು ಮೇಲು.

ಇನ್ನೊಂದು ಮಾತ್ರೆ ಇಟ್ರಾಕೊನಜೋಲ್. ತಿಂಗಳಿಗೆ ಒಂದು ವಾರ ಮಾತ್ರ, 200 ಮಿಲಿಗ್ರಾಂ ಬೆಳಿಗ್ಗೆ ಸಂಜೆ, ಹೀಗೆ ಮೂರು ತಿಂಗಳು. ಎರಡನ್ನೂ ಹೋಲಿಸಿ ಯುರೋಪಿನ ಆರು ದೇಶಗಳಲ್ಲಿ 496 ರೋಗಿಗಳ ಮೇಲೆ ನಡೆದ, 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 72 ವಾರಗಳ ನಂತರ ನೋಡಿದಾಗ, 12 ವಾರ ಟರ್ಬಿನಾಫಿನ್ ತೆಗೆದುಕೊಂಡವರಲ್ಲಿ ಸುಮಾರು ಶೇ. 76ರಷ್ಟು ಮಂದಿಯ ಉಗುರಿನಲ್ಲಿ ಫಂಗಸ್ ಇರಲಿಲ್ಲ. ಮೂರು ಸುತ್ತು ಇಟ್ರಾಕೊನಜೋಲ್ ತೆಗೆದುಕೊಂಡವರಲ್ಲಿ ಆ ಪ್ರಮಾಣ ಸುಮಾರು ಶೇ. 38. ಫಂಗಸ್ ಹೋಗುವುದು ಬೇರೆ, ಉಗುರು ನೋಡಲು ಪೂರ್ತಿ ಮೊದಲಿನಂತಾಗುವುದು ಬೇರೆ. ಎರಡನೆಯದು ಇದಕ್ಕಿಂತ ಕಡಿಮೆ ಜನರಲ್ಲಿ ಆಗುತ್ತದೆ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ನಿಮ್ಮ ವಿಷಯದಲ್ಲಿ ಇಟ್ರಾಕೊನಜೋಲ್ ಬೇಡ ಎನ್ನಲು ನೀವು ನುಂಗುವ ಅಟೊರ್ವಾಸ್ಟಾಟಿನ್ ಒಂದೇ ಸಾಕು. ಇಟ್ರಾಕೊನಜೋಲ್ ಲಿವರ್‌ನಲ್ಲಿ ಅದರ ವಿಲೇವಾರಿಯನ್ನು ತಡೆಯುತ್ತದೆ. ಅದು ರಕ್ತದಲ್ಲಿ ಹೆಚ್ಚಾಗಿ ಸ್ನಾಯು ಹಾಳಾಗುವ ಅಪಾಯ ಇದೆ. ಸಿಮ್ವಾಸ್ಟಾಟಿನ್ ಜೊತೆಗಂತೂ ಸಲ್ಲದೇ ಸಲ್ಲದು. ಹೃದಯ ವೈಫಲ್ಯ ಇರುವವರು, ಹಿಂದೆ ಆಗಿದ್ದವರು ಉಗುರಿಗಾಗಿ ಈ ಮಾತ್ರೆ ನುಂಗಬಾರದು. ಗ್ಯಾಸ್ಟ್ರಿಕ್ ಎಂದು ದಿನಾ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುವವರಿಗೆ ಇದರ ಸಾಮಾನ್ಯ ಕ್ಯಾಪ್ಸೂಲ್ ಸರಿಯಾಗಿ ಹೀರಲ್ಪಡುವುದೇ ಇಲ್ಲ, ಹೊಟ್ಟೆಯಲ್ಲಿ ಆಮ್ಲ ಇರಬೇಕು, ಊಟದ ಜೊತೆಗೇ ನುಂಗಬೇಕು.

ಟರ್ಬಿನಾಫಿನ್‌ಗೂ ನಿಮ್ಮ ಬಿಪಿ ಮಾತ್ರೆಗೂ ಒಂದು ತೊಡಕಿದೆ. ಮೆಟೊಪ್ರೊಲಾಲ್ ಕರಗಿಸುವ ಲಿವರ್‌ನ ಕಿಣ್ವವನ್ನು ಟರ್ಬಿನಾಫಿನ್ ತಡೆಹಿಡಿಯುತ್ತದೆ. ಮೆಟೊಪ್ರೊಲಾಲ್ ಅದೇ ಡೋಸಿನಲ್ಲಿದ್ದರೂ ಹೆಚ್ಚು ನುಂಗಿದಂತಾಗಿ ನಾಡಿ ನಿಧಾನವಾಗಬಹುದು, ಎದ್ದು ನಿಂತಾಗ ತಲೆ ತಿರುಗಬಹುದು. ನಿಮಗೆ ಬಿಪಿ ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಮೊದಲೇ ಹೇಳಿ. ಅವರು ಡೋಸ್ ಇಳಿಸಬಹುದು, ಈ ಕಿಣ್ವವನ್ನು ಅವಲಂಬಿಸದ ಬೇರೆ ಮಾತ್ರೆಗೆ ಬದಲಿಸಬಹುದು. ನೀವಾಗಿ ಮೆಟೊಪ್ರೊಲಾಲ್ ನಿಲ್ಲಿಸಬೇಡಿ, ಅದನ್ನು ಥಟ್ಟನೆ ಬಿಟ್ಟರೆ ಹೃದಯಕ್ಕೆ ಅಪಾಯ. ಶುರು ಮಾಡಿದ ಮೇಲೆ ವಾರಕ್ಕೊಮ್ಮೆ ಒಂದು ನಿಮಿಷ ನಾಡಿ ಎಣಿಸಿಕೊಳ್ಳಿ. ನಿಮಗೆ ಸಾಮಾನ್ಯವಾಗಿ ಇರುವುದಕ್ಕಿಂತ ಬಹಳ ಇಳಿದು 50ರ ಆಸುಪಾಸಿಗೆ ಬಂದರೆ ಅದೇ ದಿನ ವೈದ್ಯರನ್ನು ಕಾಣಿ. ನರದ ಉರಿಗೆ ಅಮಿಟ್ರಿಪ್ಟಿಲಿನ್ ಕೊಟ್ಟಿದ್ದರೂ ಇದೇ ತೊಡಕು. ಮೆಟ್‌ಫಾರ್ಮಿನ್‌ಗೆ ತೊಂದರೆ ಇಲ್ಲ.

ಮಾತ್ರೆಗೆ ಮೊದಲು ಲಿವರ್ ಪರೀಕ್ಷೆ ಮತ್ತು ಕಿಡ್ನಿ ನೋಡುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಇದ್ದು ಬೇರೆ ಮಾತ್ರೆಗಳೂ ಇರುವುದರಿಂದ ನಾಲ್ಕರಿಂದ ಆರು ವಾರದ ನಡುವೆ ಲಿವರ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸುವುದು ಕ್ಷೇಮ. ಮೊದಲೇ ಲಿವರ್ ಕಾಯಿಲೆ ಇದ್ದವರಿಗೆ, ಕಿಡ್ನಿ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿರುವವರಿಗೆ ಟರ್ಬಿನಾಫಿನ್ ಕೊಡುವುದಿಲ್ಲ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಕಾಯಬಹುದು, ಉಗುರಿನ ಸೋಂಕು ಅಷ್ಟು ಅವಸರದ್ದಲ್ಲ. ಮದ್ಯ ಸೇವಿಸುವವರು ಆ ಮೂರು ತಿಂಗಳು ಪೂರ್ತಿ ಬಿಡಬೇಕು. ಹಸಿವು ಸತ್ತು ವಾಕರಿಕೆ, ಮೂತ್ರ ಕಡು ಹಳದಿ, ಕಣ್ಣು ಹಳದಿ, ಮೈ ತುಂಬ ತುರಿಕೆ ಅಥವಾ ಗಂಧೆ ಕಂಡರೆ ಮಾತ್ರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಕೆಲವರಿಗೆ ನಾಲಿಗೆಯ ರುಚಿ ಹೋಗುತ್ತದೆ. ಊಟ ಸೇರದೆ ತೂಕ ಇಳಿಯುವಷ್ಟಾದರೆ ಅದೂ ನಿಲ್ಲಿಸಲು ಕಾರಣ. ರುಚಿ ಸಾಮಾನ್ಯವಾಗಿ ಮಾತ್ರೆ ಬಿಟ್ಟ ಮೇಲೆ ನಿಧಾನವಾಗಿ ಮರಳುತ್ತದೆ, ಕೆಲವರಲ್ಲಿ ತಿಂಗಳುಗಳೇ ಹಿಡಿಯುತ್ತವೆ.

ಫ್ಲುಕೊನಜೋಲ್ ವಾರಕ್ಕೊಂದರಂತೆ ಆರು ತಿಂಗಳಿಗೂ ಹೆಚ್ಚು ಕಾಲ ಬೇಕು, ಫಲವೂ ಕಡಿಮೆ. ಉಳಿದೆರಡೂ ಆಗದವರಿಗೆ ಮಾತ್ರ. ಕೀಟೊಕೊನಜೋಲ್ ಮಾತ್ರೆ ಉಗುರಿಗೆ ಬೇಡವೇ ಬೇಡ, ಅದು ಲಿವರ್‌ಗೆ ಮಾಡುವ ಹಾನಿ ತೀರಾ ಗಂಭೀರವಾದದ್ದು.

ದಪ್ಪ ಇಳಿಸುವುದು

ಮಾತ್ರೆ ರಕ್ತದ ಮೂಲಕ ಉಗುರಿನ ಹಾಸಿಗೆಗೆ, ಅಂದರೆ ಉಗುರಿನ ಅಡಿಯ ಚರ್ಮಕ್ಕೆ, ಬರುತ್ತದೆ. ಉಗುರು ಹಾಸಿಗೆ ಬಿಟ್ಟು ಮೇಲೆದ್ದಿದ್ದರೆ ಆ ಟೊಳ್ಳಿನೊಳಗೆ ತುಂಬಿದ ಫಂಗಸ್‌ಗೆ ಔಷಧಿ ಮುಟ್ಟುವುದೇ ಇಲ್ಲ. ಉಗುರಿನಲ್ಲಿ ತುದಿಯಿಂದ ಬುಡದತ್ತ ಈಟಿಯಂತೆ ಒಂದು ದಟ್ಟ ಹಳದಿ ಅಥವಾ ಬಿಳಿ ಪಟ್ಟೆ ಇದೆಯೇ ನೋಡಿಕೊಳ್ಳಿ. ಅದು ಗಟ್ಟಿಯಾಗಿ ಒತ್ತಿಕೊಂಡ ಫಂಗಸ್‌ನ ಗಂಟು. ಅದನ್ನು ಕೆರೆದು ತೆಗೆಯದೆ ಮಾತ್ರೆ ಒಂದರಿಂದಲೇ ವಾಸಿಯಾಗುವುದು ಅಪರೂಪ. ಉಗುರು ಎರಡು ಮಿಲಿಮೀಟರ್‌ಗಿಂತ ದಪ್ಪವಿದ್ದರೂ ಅಷ್ಟೆ.

ಇದಕ್ಕೆ ಶೇ. 40ರ ಯೂರಿಯಾ ಮುಲಾಮು ಇದೆ. ಸುತ್ತಲ ಚರ್ಮಕ್ಕೆ ವ್ಯಾಸಲೀನ್ ಹಚ್ಚಿ ಅಥವಾ ಅಂಟುಪಟ್ಟಿ ಸುತ್ತಿ ಕಾಪಾಡಿಕೊಂಡು, ಕೆಟ್ಟ ಉಗುರಿನ ಮೇಲೆ ಮಾತ್ರ ಮುಲಾಮನ್ನು ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಪ್ಲಾಸ್ಟರ್ ಹಾಕಬೇಕು. 24 ಗಂಟೆಗೊಮ್ಮೆ ಬಿಚ್ಚಿ, ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಮೆತ್ತಗಾದಷ್ಟನ್ನು ಮೊಂಡು ಅಂಚಿನಿಂದ ಕೆರೆದು, ಒರೆಸಿ, ಮತ್ತೆ ಹಚ್ಚಬೇಕು. ಒಂದರಿಂದ ಎರಡು ವಾರದಲ್ಲಿ ಕೆಟ್ಟ ಭಾಗ ನೋವಿಲ್ಲದೆ ಬಿಟ್ಟುಬರುತ್ತದೆ. ಆರೋಗ್ಯವಂತ ಉಗುರಿಗೆ ಯೂರಿಯಾ ಅಷ್ಟಾಗಿ ತಾಗುವುದಿಲ್ಲ, ಕೆಟ್ಟದ್ದನ್ನೇ ಕರಗಿಸುತ್ತದೆ. ಈ ಕೆಲಸವನ್ನು ಒಂದು ಬೆಳೆಯ ಕೊಯ್ಲು ಮುಗಿದು ಮುಂದಿನ ನಾಟಿ ಶುರುವಾಗುವ ನಡುವಿನ ಬಿಡುವಿನಲ್ಲಿ ಇಟ್ಟುಕೊಳ್ಳಿ. ಹಾಸಿಗೆ ಬಯಲಾದ ಬೆರಳನ್ನು ಗದ್ದೆಯ ಕೆಸರಿಗೆ ಇಳಿಸಬಾರದು.

ಆದರೆ ನಿಮಗೆ ಸಕ್ಕರೆ ಕಾಯಿಲೆ ಇದೆ. ಆದ್ದರಿಂದ ಯೂರಿಯಾ ಆಗಲಿ, ಉಗುರು ಸವೆಸುವುದಾಗಲಿ ಮನೆಯಲ್ಲಿ ಸ್ವತಃ ಶುರು ಮಾಡಬೇಡಿ. ಪಾದದ ಸ್ಪರ್ಶ ಮತ್ತು ರಕ್ತ ಸಂಚಾರ ಸರಿಯಿದೆಯೇ ಎಂದು ವೈದ್ಯರು ನೋಡಬೇಕು. ನೈಲಾನ್ ಎಳೆಯಿಂದ ಪಾದ ಮುಟ್ಟಿ, ಪಾದದ ಮೇಲಿನ ನಾಡಿ ಹಿಡಿದು ನೋಡುವ ಪರೀಕ್ಷೆ ಐದು ನಿಮಿಷದ್ದು. ಸ್ಪರ್ಶ ಕಡಿಮೆ ಇದ್ದರೆ ಬ್ಲೇಡು, ಸೂಜಿ, ಪಿನ್ನು ಯಾವುದನ್ನೂ ಉಗುರಿನ ಮೂಲೆಗೆ ತೂರಿಸಕೂಡದು. ಗಾಯ ಆದದ್ದು ಗೊತ್ತಾಗುವುದು ಕೀವು ಬಂದ ಮೇಲೆಯೇ. ಬೆರಳು ಅಥವಾ ಪಾದ ಕೆಂಪಾಗಿ ಊದಿ ಬಿಸಿಯಾದರೆ, ಜ್ವರ ಬಂದರೆ, ಬೆರಳು ಕಪ್ಪಿಟ್ಟರೆ ಮಾರನೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯವರು ಉಗುರಿನ ಫಂಗಸ್ಸನ್ನು ಬರೀ ಅಂದಗೇಡು ಎಂದು ಸುಮ್ಮನಿರಬಾರದು ಎನ್ನುವುದೂ ಇದಕ್ಕೇ. ದಪ್ಪ ಉಗುರು ಒತ್ತಿ ಅಡಿಯಲ್ಲಿ ಹುಣ್ಣಾಗುತ್ತದೆ, ಬಿರುಕಿನಿಂದ ಬ್ಯಾಕ್ಟೀರಿಯಾ ಒಳಹೋಗುತ್ತದೆ.

ಉಗುರಿಗೆ ನೇಲ್ ಪಾಲಿಶ್‌ನಂತೆ ಬಳಿಯುವ ಫಂಗಸ್ ಔಷಧಿ, ಅಂದರೆ ಲ್ಯಾಕರ್, ಒಂದೇ ಸಾಕಾಗುವುದು ಸೋಂಕು ಒಂದೆರಡು ಉಗುರಿನಲ್ಲಿದ್ದು, ಉಗುರಿನ ಅರ್ಧಕ್ಕಿಂತ ಕಡಿಮೆ ಹಿಡಿದು, ಬುಡಕ್ಕೆ ಮುಟ್ಟದಿದ್ದಾಗ ಮಾತ್ರ. ನಾಲ್ಕು ವರ್ಷದ ಉಗುರಿಗೆ ಅದು ಮಾತ್ರೆಯ ಜೊತೆಗಾರ. ಅಮೊರಾಲ್ಫಿನ್ ಶೇ. 5 ಆದರೆ ವಾರಕ್ಕೆ ಒಮ್ಮೆ ಅಥವಾ ಎರಡು ಸಲ. ಹಳೆಯ ಪದರ ಒರೆಸಿ ತೆಗೆದು, ಉಗುರಿನ ಮೇಲ್ಮೈಯನ್ನು ಅರದಿಂದ ಉಜ್ಜಿ, ಸ್ಪಿರಿಟ್ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ತೆಳುವಾಗಿ ಬಳಿಯಬೇಕು. ಉಜ್ಜದೆ ಬಳಿದರೆ ಅದು ಮೇಲೆಯೇ ಉಳಿಯುತ್ತದೆ. ಕಾಲುಗುರಿಗೆ 9 ರಿಂದ 12 ತಿಂಗಳು. ಸಿಕ್ಲೊಪಿರಾಕ್ಸ್ ಶೇ. 8 ಆದರೆ ದಿನಾ ಬಳಿದು ವಾರಕ್ಕೊಮ್ಮೆ ಸ್ಪಿರಿಟ್‌ನಿಂದ ಒರೆಸಬೇಕು, 48 ವಾರ. ಕೆಟ್ಟ ಉಗುರಿಗೆ ಬಳಸಿದ ಅರ ಒಳ್ಳೆಯ ಉಗುರಿಗೆ ಮುಟ್ಟಬಾರದು.

ಮೆಡಿಕಲ್ ಶಾಪಿನ ಆ ಟ್ಯೂಬ್

ಟ್ಯೂಬಿನ ಮೇಲೆ ಬರೆದಿರುವುದನ್ನು ಓದಿ. ಕ್ಲೊಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದರಲ್ಲಿ ಸ್ಟೀರಾಯ್ಡ್ ಇದೆ. ಹಚ್ಚಿದ ಮೂರು ದಿನಕ್ಕೆ ತುರಿಕೆ, ಕೆಂಪು ಹೋಗುತ್ತದೆ, ಗುಣವಾಯಿತು ಎನಿಸುತ್ತದೆ. ಫಂಗಸ್ ಮಾತ್ರ ಒಳಗೊಳಗೇ ಹರಡುತ್ತದೆ. ನಮ್ಮ ದೇಶದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಹುಳುಕಡ್ಡಿ ಹೀಗೆ ಹತೋಟಿಗೆ ಬಾರದೆ ಹರಡಲು ಇಂಥ ಮಿಶ್ರಣದ ಟ್ಯೂಬುಗಳು ದೊಡ್ಡ ಕಾರಣ. ಜೊತೆಗೆ ಟರ್ಬಿನಾಫಿನ್‌ಗೆ ಜಗ್ಗದ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ತಳಿಯೂ ಹಬ್ಬಿದೆ. ಇದು ಮುಖ್ಯವಾಗಿ ತೊಡೆಸಂದು, ಸೊಂಟದ ಚರ್ಮಕ್ಕೆ ಬರುವಂಥದ್ದು. ನಿಮಗೆ ಅಲ್ಲೂ ಉಂಗುರದಂಥ ತುರಿಕೆಯ ಕಲೆ ಇದ್ದರೆ ಮುಚ್ಚಿಡದೆ ವೈದ್ಯರಿಗೆ ತೋರಿಸಿ, ಔಷಧಿಯ ಲೆಕ್ಕವೇ ಬದಲಾಗಬಹುದು.

ಅಂಗಾಲು ಮತ್ತು ಬೆರಳ ಸಂದಿಯನ್ನು ಇವತ್ತೇ ಬೆಳಕಿನಲ್ಲಿ ನೋಡಿಕೊಳ್ಳಿ. ಉಗುರಿಗೆ ಸೋಂಕು ಬರುವ ದಾರಿ ಸಾಮಾನ್ಯವಾಗಿ ಇದೇ. ಕಿರುಬೆರಳ ಸಂದಿ ಬೆಳ್ಳಗೆ ನೆನೆದು ಸುಲಿದಿದ್ದರೆ ಅದನ್ನು ಕೆಸರು ಹುಣ್ಣು ಎಂದು ಬಿಟ್ಟಿರುತ್ತೀರಿ. ಅಂಗಾಲು ಒಣಗಿ, ಗೆರೆಗಳಲ್ಲಿ ಹಿಟ್ಟು ಉದುರಿಸಿದಂತೆ ಬಿಳಿ ಹೊಟ್ಟು ಇದ್ದರೆ ಅದನ್ನು ಕಾಲು ಒಡೆದದ್ದು ಎಂದುಕೊಂಡಿರುತ್ತೀರಿ. ಎರಡೂ ಫಂಗಸ್ ಆಗಿರಬಹುದು. ಸ್ಟೀರಾಯ್ಡ್ ಇಲ್ಲದ ಟರ್ಬಿನಾಫಿನ್ ಶೇ. 1 ಅಥವಾ ಲ್ಯುಲಿಕೊನಜೋಲ್ ಶೇ. 1 ಕ್ರೀಮನ್ನು ಎರಡು ವಾರ, ಕಲೆಯ ಅಂಚು ದಾಟಿ ಎರಡು ಬೆರಳು ಅಗಲ ಹೊರಗೂ ಸೇರಿಸಿ ಹಚ್ಚಬೇಕು. ಇದನ್ನು ಬಿಟ್ಟು ಉಗುರೊಂದಕ್ಕೇ ಔಷಧಿ ಮಾಡಿದರೆ ಚರ್ಮದಿಂದ ಉಗುರಿಗೆ ಮತ್ತೆ ಹತ್ತುತ್ತದೆ. ಮನೆಯ ಎಲ್ಲರ ಪಾದವನ್ನೂ ಒಮ್ಮೆ ನೋಡಿ. ಹೆಣ್ಣುಮಕ್ಕಳು ಕಾಲುಂಗುರ ಸರಿಸಿ ಅದರ ಅಡಿಯನ್ನು ನೋಡಬೇಕು, ಅಲ್ಲಿ ನೀರು ನಿಂತು ಚರ್ಮ ಮೆತ್ತಗಾಗಿರುತ್ತದೆ.

ಚಪ್ಪಲಿ, ಬೂಟು, ಗದ್ದೆ

ಈ ಫಂಗಸ್‌ನ ಬೀಜಕಣಗಳು ಉದುರಿದ ಉಗುರಿನ ಪುಡಿಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತವೆ. ನಾಲ್ಕು ವರ್ಷ ಹಾಕಿದ ಹಳೆಯ ಶೂ, ಒಳಗೆ ಸ್ಪಂಜು ಮೆತ್ತಿದ ಚಪ್ಪಲಿ ಇದ್ದರೆ ಮಾತ್ರೆ ಶುರು ಮಾಡಿದ ಎರಡು ಮೂರು ವಾರಕ್ಕೆ ಬಿಸಾಡುವುದೇ ಸರಿ. ಉಳಿಸಿಕೊಳ್ಳುವ ಶೂಗಳ ಒಳಗೆ ವಾರಕ್ಕೆ ಎರಡು ಸಲ ಕ್ಲೊಟ್ರಿಮಜೋಲ್ ಅಥವಾ ಮೈಕೊನಜೋಲ್ ಪೌಡರ್ ಉದುರಿಸಿ, ಒಂದೇ ಜೊತೆಯನ್ನು ದಿನಾ ಹಾಕದೆ ಒಂದು ದಿನ ಬಿಟ್ಟು ಒಂದು ದಿನ ಹಾಕಿ. ಬಿಸಿಲು ಒಣಗಿಸುತ್ತದೆ, ಅದು ಒಳ್ಳೆಯದೇ. ಬಿಸಿಲಿನಿಂದಲೇ ಬೀಜಕಣ ಸಾಯುತ್ತವೆ ಎಂದು ನೆಚ್ಚಿಕೊಳ್ಳಬೇಡಿ. ಸಾಕ್ಸು, ಕಾಲೊರೆಸುವ ಬಟ್ಟೆಗಳನ್ನು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ತೊಳೆಯಬೇಕು. ತಣ್ಣೀರು, ಸೋಪಿನ ಪುಡಿಗೆ ಈ ಫಂಗಸ್ ಸಾಯುವುದಿಲ್ಲ. ನಿಮ್ಮ ನೇಲ್ ಕಟರ್ ನಿಮಗೊಬ್ಬರಿಗೇ ಇರಲಿ. ಕತ್ತರಿಸಿದ ಚೂರನ್ನು ಕಾಗದದ ಮೇಲೆ ಬೀಳಿಸಿ ಸುತ್ತಿ ಎಸೆಯಿರಿ, ಕಟರನ್ನು ಹತ್ತು ಹದಿನೈದು ನಿಮಿಷ ನೀರಿನಲ್ಲಿ ಕುದಿಸಿ ಒಣಗಿಸಿ. ಒಳಉಡುಪು ಹಾಕುವ ಮೊದಲೇ ಸಾಕ್ಸ್ ಹಾಕಿಕೊಳ್ಳಿ, ಪಾದದಿಂದ ತೊಡೆಸಂದಿಗೆ ಸಾಗುವುದು ತಪ್ಪುತ್ತದೆ.

ಭತ್ತದ ಗದ್ದೆಗೆ ಇಳಿಯದೆ ಇರಿ ಎಂದು ಹೇಳಿದರೆ ಆ ಮಾತಿಗೆ ಬೆಲೆಯಿಲ್ಲ. ನೀರು ಕಟ್ಟುವಾಗ, ಬದು ಮಾಡುವಾಗ ಗಂಬೂಟು ಹಾಕಿ. ಅದರೊಳಗೆ ನೀರು ನುಗ್ಗಿದರೆ ಬರಿಗಾಲಿಗಿಂತ ಕೆಟ್ಟದ್ದು, ತಕ್ಷಣ ಬಿಚ್ಚಿ ಬಗ್ಗಿಸಿ. ರಾತ್ರಿ ಒಳಗೆ ಹಳೆಯ ಪೇಪರ್ ತುರುಕಿಟ್ಟರೆ ಬೆಳಿಗ್ಗೆಗೆ ಒಣಗಿರುತ್ತದೆ. ಗದ್ದೆಯಿಂದ ಬಂದ ಕೂಡಲೇ ಕಾಲು ಸೋಪು ಹಾಕಿ ತೊಳೆದು, ಬೆರಳ ಸಂದಿ ಒಂದೊಂದನ್ನೂ ಪ್ರತ್ಯೇಕ ಬಟ್ಟೆಯಲ್ಲಿ ಒತ್ತಿ ಒರೆಸಿ. ಉಗುರನ್ನು ಸ್ನಾನದ ನಂತರ ಮೆತ್ತಗಿರುವಾಗ ನೇರವಾಗಿ, ಸ್ವಲ್ಪ ಸ್ವಲ್ಪವೇ ಕತ್ತರಿಸಿ.

ವಾಸಿಯಾಗುತ್ತಿದೆಯೇ ಎಂದು ನೋಡುವ ಬಗೆ

ಮಾತ್ರೆ ಶುರು ಮಾಡುವ ದಿನ, ಒಳ್ಳೆಯ ಉಗುರು ಮತ್ತು ಕೆಟ್ಟ ಉಗುರಿನ ಗಡಿಯಲ್ಲಿ ಅರದ ಅಂಚಿನಿಂದ ಉಗುರಿನ ಮೇಲ್ಪದರದಲ್ಲಿ ಮಾತ್ರ ಅಡ್ಡಕ್ಕೆ ಒಂದು ಸಣ್ಣ ಗೀರು ಹಾಕಲು ವೈದ್ಯರನ್ನೇ ಕೇಳಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ, ಅದೇ ಕೋನದಲ್ಲಿ ಮತ್ತೊಂದು. ಗೀರು ಉಗುರಿನ ಜೊತೆ ಮುಂದೆ ಸರಿಯುತ್ತದೆ. ಹಳದಿ ಬಣ್ಣ ಗೀರಿನ ಮುಂದೆಯೇ ಉಳಿದು, ಗೀರಿನ ಹಿಂದೆ ತಿಳಿ ಉಗುರು ಬೆಳೆಯುತ್ತಿದ್ದರೆ ಔಷಧಿ ಕೆಲಸ ಮಾಡುತ್ತಿದೆ, ಉಗುರು ನೋಡಲು ಎಷ್ಟೇ ಕೆಟ್ಟದಾಗಿರಲಿ. ಹಳದಿ ಬಣ್ಣ ಗೀರನ್ನು ದಾಟಿ ಬುಡದ ಕಡೆಗೆ ಬಂದರೆ ಸೋಂಕು ಗೆಲ್ಲುತ್ತಿದೆ ಎಂದು ಅರ್ಥ.

12 ವಾರ ಮುಗಿದಾಗ ಮಾತ್ರೆ ನಿಲ್ಲಿಸಿ. ಆಗ ತಿಳಿ ಉಗುರು ಮೂರು ನಾಲ್ಕು ಮಿಲಿಮೀಟರ್ ಮಾತ್ರ ಇರುತ್ತದೆ, ಗಾಬರಿ ಬೇಡ. ಟರ್ಬಿನಾಫಿನ್ ಉಗುರಿನೊಳಗೆ ಆಮೇಲೂ ತಿಂಗಳುಗಟ್ಟಲೆ ಉಳಿದು ಕೆಲಸ ಮಾಡುತ್ತದೆ. ಶುರುವಿನಿಂದ ಆರನೆಯ ಮತ್ತು ಒಂಬತ್ತನೆಯ ತಿಂಗಳಲ್ಲಿ ತೋರಿಸಿ. ಆಗಲೂ ಗಡಿ ಮುಂದೆ ಸರಿಯದಿದ್ದರೆ ಮತ್ತೆ ಕಲ್ಚರ್ ಮಾಡಿಸಿ, ಅದಕ್ಕೆ ತಕ್ಕಂತೆ ಇನ್ನೊಂದು ಸುತ್ತು ಮಾತ್ರೆಯೋ ಬೇರೆ ಔಷಧಿಯೋ ಎಂದು ವೈದ್ಯರು ತೀರ್ಮಾನಿಸಬೇಕು. ಪರೀಕ್ಷೆಯಿಲ್ಲದೆ ಅದೇ ಚೀಟಿ ತೋರಿಸಿ ಮತ್ತೆ 84 ಮಾತ್ರೆ ಕೊಳ್ಳಬೇಡಿ. ಫಂಗಸ್ ಹೋದ ಮೇಲೂ ಕೆಲವು ಉಗುರು ಸ್ವಲ್ಪ ದಪ್ಪ, ಸೊಟ್ಟ ಉಳಿಯುತ್ತದೆ. ಹಾಸಿಗೆಗೆ ಆದ ಹಾನಿಯಿಂದ ಹಾಗಾಗುತ್ತದೆ, ಅದಕ್ಕೆ ಮಾತ್ರೆ ಬೇಕಿಲ್ಲ. ವಾಸಿಯಾದವರಲ್ಲಿ ಕೆಲವರಿಗೆ ಇದು ಮತ್ತೆ ಬರುತ್ತದೆ. ಆದ್ದರಿಂದ ನಂತರವೂ ಬೆರಳ ಸಂದಿಗೆ ವಾರಕ್ಕೆ ಎರಡು ಸಲ ಫಂಗಸ್ ಕ್ರೀಮ್, ಉಗುರಿಗೆ ಎರಡು ವಾರಕ್ಕೊಮ್ಮೆ ಅಮೊರಾಲ್ಫಿನ್ ಬಳಿಯುವುದನ್ನು ಮುಂದುವರಿಸಬಹುದು.

ಇನ್ನು ಕೀಳಿಸುವ ಮಾತು. ಉಗುರು ಕಿತ್ತರೂ ಹಾಸಿಗೆಯಲ್ಲಿ ಫಂಗಸ್ ಉಳಿದಿರುತ್ತದೆ, ಹೊಸ ಉಗುರಿಗೆ ಮತ್ತೆ ಹತ್ತುತ್ತದೆ. ಉಗುರಿಲ್ಲದ ತಿಂಗಳುಗಳಲ್ಲಿ ಬೆರಳ ತುದಿಯ ಮಾಂಸ ಮೇಲೆದ್ದು, ಬರುವ ಉಗುರು ಅದಕ್ಕೆ ಚುಚ್ಚಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರಿಗೆ ಆ ಗಾಯ ಮಾಯುವುದೇ ಒಂದು ಚಿಂತೆ. ಲೇಸರ್‌ನಿಂದ ಉಗುರು ಸ್ವಲ್ಪ ಕಾಲ ತಿಳಿಯಾಗಿ ಕಾಣಬಹುದು, ಮಾತ್ರೆಗೆ ಬದಲಾಗಿ ಅಷ್ಟು ಹಣ ಸುರಿಯಲು ಸಾಕಷ್ಟು ಆಧಾರ ಇಲ್ಲ. ವಿನೆಗರ್, ಬೇವಿನೆಣ್ಣೆ, ಅರಿಶಿನ ದಪ್ಪ ಉಗುರಿನೊಳಗೆ ಇಳಿಯುವುದಿಲ್ಲ. ಕೇರುಬೀಜದ ಎಣ್ಣೆ, ಸುಣ್ಣ, ಬ್ಯಾಟರಿ ಆ್ಯಸಿಡ್ ಚರ್ಮ ಸುಡುತ್ತವೆ, ಮುಟ್ಟಬೇಡಿ.

ನಿಮ್ಮ ಹೆಂಡತಿಯವರ ತೊಂದರೆ ಬಹುತೇಕ ಬೇರೆಯದೇ. ಕೈಯುಗುರಿನ ಬುಡ ಊದಿ, ಕೆಂಪಾಗಿ, ಉಗುರಿಗೆ ಅಂಟಿರಬೇಕಾದ ಚರ್ಮದ ಅಂಚು ಬಿಟ್ಟುಕೊಂಡು, ಬಂದು ಹೋಗಿ ಮಾಡುತ್ತಿದ್ದರೆ ಅದು ಬಹುಕಾಲದ ಉಗುರುಸುತ್ತು. ಪಾತ್ರೆ ತೊಳೆಯುವ ಪುಡಿ, ದೋಸೆ ಹಿಟ್ಟು, ಬಟ್ಟೆ ಸೋಪು, ಸಗಣಿ ಇವುಗಳಲ್ಲಿ ಕೈ ಸದಾ ಒದ್ದೆಯಾಗಿದ್ದು ಆ ಅಂಚು ಹರಿದು, ಒಳಗೆ ನೀರು ಇಳಿಯುವುದರಿಂದ ಬರುತ್ತದೆ. ಕ್ಯಾಂಡಿಡಾ ಎಂಬ ಯೀಸ್ಟ್ ಆಮೇಲೆ ಸೇರಿಕೊಳ್ಳುತ್ತದೆ. ನಿಮ್ಮಿಂದ ಅಂಟಿದ್ದಲ್ಲ, ನಿಮ್ಮ ಟರ್ಬಿನಾಫಿನ್ ಮಾತ್ರೆಯನ್ನು ಅವರಿಗೆ ಕೊಡಬೇಡಿ, ಕ್ಯಾಂಡಿಡಾಗೆ ಅದು ಅಷ್ಟಾಗಿ ನಾಟುವುದಿಲ್ಲ. ಅವರಿಗೆ ಬೇಕಾದದ್ದು ಒಳಗೆ ಹತ್ತಿ ಗ್ಲೌಸ್, ಮೇಲೆ ರಬ್ಬರ್ ಗ್ಲೌಸ್ ಹಾಕಿ ನೀರಿನ ಕೆಲಸ ಮಾಡುವುದು, ಪಾತ್ರೆ ಬಟ್ಟೆಗೆ ಮನೆಯ ಉಳಿದವರೂ ಕೈ ಹಾಕುವುದು, ಉಗುರಿನ ಅಂಚಿನ ಚರ್ಮವನ್ನು ಕೀಳದಿರುವುದು. ಊತ ಇಳಿಸಲು ಸ್ವಲ್ಪ ದಿನದ ಸ್ಟೀರಾಯ್ಡ್ ಮುಲಾಮು ಇಲ್ಲಿ ಉಪಯೋಗಕ್ಕೆ ಬರುತ್ತದೆ, ಆದರೆ ಅದನ್ನು ವೈದ್ಯರು ನೋಡಿಯೇ ಕೊಡಬೇಕು. ನೋವು ಒಮ್ಮೆಲೇ ಜೋರಾಗಿ ಕೀವು ಕಟ್ಟಿದರೆ ಅದು ಬ್ಯಾಕ್ಟೀರಿಯಾದ ಕೆಲಸ, ಅದೇ ದಿನ ತೋರಿಸಿ. ಅವರಿಗೂ ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿಬಿಡಿ.